ಚನ್ನವೀರ ತಂದ ಆಲ್ಟರ್ನೇಟರ್

ಕೇಳ್ರಿಲ್ಲೆ, ಮಲಪ್ರಭಾ ದಂಡಿಮ್ಯಾಲೆ ಒಂದು ಮಠ, ಮಠಕ್ಕೊಂದು ಹಳೇ ಟ್ರ್ಯಾಕ್ಟರ್. ಅದರ ಡೈನಮೋ ಸತ್ತು ವರ್ಷಾಗಿತ್ತು. ಬ್ಯಾಟರಿ ಚಾರ್ಜ್ ಆಗ್ತಿದ್ದಿಲ್ಲ, ದಿನಾ ನೂಕೇ ಚಾಲೂ ಮಾಡ್ಬೇಕು!

ನೂಕಾಕ ಎಲ್ಲಾರಕಿಂತ ಮೊದಲ ಬರೋರು ಯಾರು? ಮಠದ ಗುರುಗಳು, ಎಪ್ಪತ್ತರ ಅಜ್ಜಾರು! ನೋಯೋ ನಡಕ್ಕ ಪಟ್ಟಾ ಬಿಗದು, ಕಾವಿ ಮ್ಯಾಲೆ ಕಟ್ಟಿ, "ಹೂಂ, ನೂಕ್ರಿ!" ಅಂತಿದ್ರು. ಸ್ಟೇರಿಂಗ್ ಹಿಡದು ಕುಂತ ಶಿಷ್ಯ ಚನ್ನವೀರಗ ಅದನ್ನ ನೋಡಾಕ ಆಗ್ತಿದ್ದಿಲ್ಲ.

"ಅಜ್ಜಾರ, ಡೈನಮೋ ತಗದು ಆಲ್ಟರ್ನೇಟರ್ ಹಾಕೂಣ್ರೀ! ಇನ್ನ ನೀವು ಕೈ ಹಚ್ಚೂದ ಬ್ಯಾಡ!"

"ಯಾವುದು ಹಾಕ್ತಿ?"

"ದೊಡ್ಡದು ರೀ! ಕಾರಿಂದು!"

"ತಗೊಂಡ ಬಾ."

ತಂದಾ, ಕೂಡ್ಸಿದಾ, ಅಂಗಳದಾಗ ಎಕ್ಸಿಲೇಟರ್ ಪೂರ್ತಿ ಎಳದಾ. ಮೀಟರಿನ ಮುಳ್ಳು ಹದಿನಾಕು ವೋಲ್ಟಿಗೆ ಜಿಗೀತು, ಬ್ಯಾಟರಿ ಚಾರ್ಜ್ ಆಗಾಕ ಹತ್ತಿತ್ತು! ಚನ್ನವೀರನೂ ಜಿಗದಾ!

ನಾಕನೇ ದಿನ ಕೀಲಿ ತಿರುವಿದ್ರ ಬರೇ 'ಟಕ್' ಅಂತು.

ಅಜ್ಜಾರು ಮತ್ತ ಪಟ್ಟಾ ಬಿಗದು ಬಂದ್ರು.

"ಬ್ಯಾಡ್ರೀ ಅಜ್ಜಾರ, ಕೈ ಮುಗೀತೀನಿ! ಇನ್ನೂ ದೊಡ್ಡದು ತರತೀನಿ, ಲಾರೀದು ತರತೀನಿ, ಇವತ್ತ ಹೋಗಿ..."

"ಉಸರರ ಹಾಕೋ ತಮ್ಮಾ. ಹದಿನಾಕು ಎಲ್ಲಿ ನೋಡಿದಿ?"

"ಅಂಗಳದಾಗ ರೀ. ಪೂರ್ತಿ ರೇಸ್ ಕೊಟ್ಟು."

"ಟ್ರ್ಯಾಕ್ಟರ್ ಕೆಲಸ ಏನು?"

"ನಸಿಕಿನ್ಯಾಗ ನಳ ಇಲ್ದ ಓಣಿಗೆ ನೀರಿನ ಟ್ಯಾಂಕರ್ ಜಗ್ಗೂದು."

"ಹೆಂಗ ಜಗ್ಗತೈತಿ?"

"ಲೈಟ್ ಹಚ್ಕೊಂಡು, ಆಕಳ ನಡದಂಗ ಮೆಲ್ಲಕ. ಮನಿ ಮನಿ ಮುಂದ ನಿಂದರತೈತಿ. ದ್ಯಾಮವ್ವಾಯಿ ಮನಿ ಮುಂದಂತೂ ಕೇಳಬ್ಯಾಡ್ರಿ, ವಯಸ್ಸಾಗಿ ಆಕಿ ಕೈ ನಡಗತಾವು, ಒಂದು ಕೊಡ ತುಂಬಾಕ ಹತ್ತ ಮಿನಿಟ, ಇಂಜಿನ್ ಬರೇ ಗುಡುಗುಡು ಅನಕೋಂತ..."

ಚನ್ನವೀರ ಹಣಿ ಬಡಕೊಂಡಾ. ಕಾರಿನ ಆಲ್ಟರ್ನೇಟರ್ ಜೋರು ತಿರುಗಿದ್ರಷ್ಟ ಕರೆಂಟ್ ಕೊಡೂದು. ಮೆಲ್ಲಕ ನಡದಷ್ಟೂ ಹೊತ್ತು ಲೈಟು ಬ್ಯಾಟರೀನ ಹೀರಿ ಬರಿದು ಮಾಡಿತ್ತು.

ಎಲ್ಲಾರೂ ನೂಕಿದ್ರು. ಟ್ರ್ಯಾಕ್ಟರ್ ಚಾಲೂ ಆತು. ಅಜ್ಜಾರು ಗಾಲಿ ಹಿಡಕೊಂಡು ಏದುಸಿರು ಬಿಟ್ಟಕೋಂತ ನಿಂತ್ರು. ಚನ್ನವೀರನ ಕಣ್ಣಾಗ ನೀರು.

"ಹಂಗಾರ ಅಂಗಡ್ಯಾಗ ಏನಂತ ಕೇಳ್ಲಿ ರೀ, ಅಜ್ಜಾರ?"

ಅಜ್ಜಾರು ಅವನ ಹೆಗಲ ಮ್ಯಾಲೆ ಕೈ ಇಟ್ರು.

"ಓಡುವಾಗ ಎಷ್ಟು ಕೊಡತೈತಿ ಅಂತ ಎಲ್ಲಾರೂ ಕೇಳ್ತಾರ. ನೀ, ದ್ಯಾಮವ್ವಾಯಿ ಕೊಡ ತುಂಬೂತನಕ ನಿಂತ್ರ ಎಷ್ಟು ಕೊಡತೈತಿ, ಅದನ್ನ ಕೇಳು."