ಗಂಟೆ ಬಾರಿಸಿ ಹೋದವರು

"ಕೇಳಿರಪ್ಪೋ ಕೇಳಿ! ದೊರೆ ಬೊಪ್ಪರಾಯರ ಮಗಳು ಜಾಕಲದೇವಿ ಮೂರು ಒಗಟು ಹಾಕಿದ್ದಾರೆ. ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗುತ್ತದೆ. ಬಿಡಿಸುವ ತನಕ ಊರಬಾಗಿಲು ತೆರೆಯುವುದಿಲ್ಲ, ಕೇಳಿರಪ್ಪೋ!"

ಡಂಗುರ ಹೊಡೆಯುವಾಗ ಸೋವಣ್ಣ ಹೆಗಲಿಗೆ ಗಂಟು ಹಾಕಿಕೊಂಡು ಊರಬಾಗಿಲಿಗೆ ಹತ್ತು ಹೆಜ್ಜೆ ದೂರದಲ್ಲಿದ್ದ. ಕಣ್ಣೆದುರೇ ಬಾಗಿಲು ಧಡ್ ಅಂತ ಮುಚ್ಚಿತು.

"ತೆಗಿ ಅಣ್ಣಾ, ನಾನು ಹೊರಟವನು."

"ಒಗಟು ಬಿಡಿಸು, ತೆಗೀತೀನಿ" ಅಂದ ಕಾವಲಿನವನು.

"ತಪ್ಪಿದರೆ?"

"ಆಗಲೂ ತೆಗೀತೀವಿ. ಮಸಣ ಇರೋದು ಆಚೆಗೇ ಅಲ್ವಾ."

ಸೋವಣ್ಣನ ಕಾಲು ಒಂದು ಕಡೆ ನಿಂತದ್ದಲ್ಲ. ನಾಲ್ಕು ಮಠದಲ್ಲಿ ಅಷ್ಟಷ್ಟು ಕಲಿತು, ನಾಲ್ಕನ್ನೂ ಬಿಟ್ಟು, ಎರಡು ತಿಂಗಳ ಹಿಂದೆ ದೊರೆ ನಡೆಸುವ ಈ ಊರಿನ ದೊಡ್ಡ ಮಠಕ್ಕೆ ಬಂದು ಸೇರಿದ್ದ. ಅವನಂತೆ ಪಾಠದ ನಡುವೆ ಬಂದವರಿಗೆ ಅಲ್ಲಿ ನಡುಪಾಠದವರು ಅಂತ ಹೆಸರು. ಗುರುಗಳು ದಿನವೂ "ಹಿಂದಿನದನ್ನು ನೋಡಿಕೊಂಡು ಬಾ" ಅನ್ನುತ್ತಿದ್ದರು. ಎಲ್ಲಿ ನೋಡಬೇಕು ಅಂತ ಒಬ್ಬರೂ ಹೇಳಲಿಲ್ಲ. ಕೇಳಲು ಇವನಿಗೂ ನಾಚಿಕೆ. ಹೀಗೇ ಬಂದು ಹೀಗೇ ಓಡಿಹೋದ ನಡುಪಾಠದವರಿಗೆ ಲೆಕ್ಕವಿರಲಿಲ್ಲ. ಅವರು ಯಾಕೆ ನಿಲ್ಲುವುದಿಲ್ಲ ಅಂತ ದೊರೆಗೆ ಸಿಟ್ಟು.

ಬೇರೆ ದಾರಿ ಇಲ್ಲದೆ ಅರಮನೆಗೆ ನಡೆದ. ಅಂಗಳದ ತುಂಬ ಜನ. ಜಾಕಲದೇವಿ ಮೊದಲ ಒಗಟು ಹೇಳುತ್ತಿದ್ದಳು: "ಗಂಟೆ ಬಾರಿಸಿದರೆ ದೇವರೇ ಎದ್ದು ಬಾಗಿಲಿಗೆ ಬರುತ್ತದೆ. ಬಂದು ನೋಡಿದರೆ ಭಕ್ತನೇ ಇಲ್ಲ. ಯಾವ ಗುಡಿ?"

"ಪಾಳುಬಿದ್ದ ಗುಡಿ" ಅಂದ ನೆರೆರಾಜ್ಯದ ರಾಜಕುಮಾರ. ಅವನನ್ನು ಸೆರೆಮನೆಗೆ ಒಯ್ದರು.

ದೊಡ್ಡ ಮಠದ ಪಂಡಿತ ಈಶಾನಭಟ್ಟ ಶಾಲು ಸರಿಮಾಡಿಕೊಂಡು ಮುಂದೆ ಬಂದ. "ಅಮ್ಮಣ್ಣಿ, ಅದನ್ನು ಕೊನೆಗೆ ಹೇಳುತ್ತೇನೆ. ಎರಡನೆಯದು ಹಾಕಿ."

"ಮನೆಯಲ್ಲೇ ಕೂತರೆ ಹುಳ ಹಿಡಿಯುತ್ತದೆ, ಊರು ತಿರುಗಿ ಬಂದರೆ ಮೈ ಹೊಳೆಯುತ್ತದೆ. ಅದು ಯಾವುದು?"

"ಕುದುರೆ!"

ಪಂಡಿತನ ಶಾಲು ಅಂಗಳದಲ್ಲೇ ಉಳಿಯಿತು.

ಮೂರನೆಯದನ್ನು ಅವಳು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಮೊದಲು ಬಂದವರಿಗೆ ಬಾಗಿಲು ತೆರೆದಿದೆ, ಆಮೇಲೆ ಬಂದವರಿಗೂ ತೆರೆದಿದೆ. ಆದರೂ ಆಮೇಲೆ ಬಂದವರು ಮುಚ್ಚಿದೆ ಅಂತಲೇ ನಂಬಿ ಹೋಗುತ್ತಾರೆ. ಮುಚ್ಚಿದವರು ಯಾರು?"

ಮುಂದೆ ನಿಂತವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು.

ಸೋವಣ್ಣನಿಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಬೀದಿ ಬೀದಿ ಸುತ್ತಿದ. ಮಠದ ಹಿಂದಿನ ಕಲ್ಲುಗುಡಿ ಎದುರಾಯಿತು. ಎರಡು ತಿಂಗಳಿಂದ ಪಾಠಕ್ಕೆ ಓಡುವಾಗ ದಿನವೂ ಅದರ ಗಂಟೆ ಬಾರಿಸಿ, ಕೈಮುಗಿದು, ನಿಲ್ಲದೆ ಮುಂದೆ ಹೋಗುತ್ತಿದ್ದ. ಇವತ್ತೂ ಢಣ್ ಅನ್ನಿಸಿ ಕೈಮುಗಿದು ತಿರುಗಿದ. ಚಪ್ಪಲಿಯ ಉಂಗುಟ ಕಿತ್ತುಹೋಯಿತು. ಸರಿಮಾಡಲು ಬಗ್ಗಿದ.

ಹಿಂದಿನಿಂದ ಯಾರೋ ಕಿವಿ ಹಿಡಿದರು.

"ಸಿಕ್ಕಿಬಿದ್ಯಾ! ದಿನಾ ಗಂಟೆ ಹೊಡೆದು ಓಡೋನು ನೀನೇನಾ?" ನೋಡಿದರೆ ಒಬ್ಬ ಮುದುಕಿ. "ನನ್ನ ಮಂಡಿನೋವು ನಿನಗೆ ಆಟವೇನೋ? ಎದ್ದು ಬರೋದರೊಳಗೆ ಮಾಯ!"

"ಅಯ್ಯೋ ಅಜ್ಜೀ, ಕೈ ಮುಗಿದು ಹೋಗ್ತಿದ್ದೆ. ಗುಡಿ ಅಲ್ವಾ ಇದು?"

ಮುದುಕಿ ಕಿವಿ ಬಿಟ್ಟಳು. "ಗುಡಿಯಾ? ಓಲೆಭಂಡಾರ ಕಣೋ! ಗಂಟೆ ಕಟ್ಟಿರೋದು ನನ್ನನ್ನು ಕರೆಯೋದಕ್ಕೆ." ಅವಳು ಭಂಡಾರ ಕಾಯುವ ದೇಕಬ್ಬೆ. "ನವರಾತ್ರಿಯಲ್ಲಿ ಹೊಸಬರನ್ನೆಲ್ಲ ಕರ್ಕೊಂಡು ಬಂದು ತೋರಿಸ್ತಾರಲ್ಲ, ನೀನು ಬರಲಿಲ್ವಾ?"

"ನಾನು ಬಂದಿದ್ದೇ ಮಾಘದಲ್ಲಿ."

ದೇಕಬ್ಬೆ ಅವನ ಹೆಗಲ ಮೇಲಿನ ಗಂಟು ನೋಡಿದಳು. "ಹಂಗಾದ್ರೆ ಇಷ್ಟು ವರ್ಷ ಓಡಿದವರೆಲ್ಲ ಪೋಕರಿಗಳಲ್ಲ" ಅಂದು ಒಳಗೆ ಕರೆದಳು.

ಒಳಗೆ ಸೂರಿನ ತನಕ ಓಲೆಗರಿಯ ಕಟ್ಟುಗಳು. ಗುರುಗಳು ಹೇಳುತ್ತಿದ್ದ ಹಿಂದಿನ ಪಾಠವೆಲ್ಲ ಅಲ್ಲಿತ್ತು. ಕೆಂಪು ಬಟ್ಟೆ ಸುತ್ತಿದವನ್ನು ಕೋಣೆಗೆ ಒಯ್ಯಬಹುದು, ಬಿಳಿಯದನ್ನು ಇಲ್ಲೇ ಕೂತು ಓದಬೇಕು, ಅರ್ಥವಾಗದಿದ್ದರೆ ಅಜ್ಜಿಯನ್ನು ಕೇಳಬೇಕು. ಅವಳು ಒಂದು ಕಟ್ಟಿಗೆ ಎಣ್ಣೆ ಸವರುತ್ತ ಗೊಣಗಿದಳು: "ಒಯ್ದು ಓದಿದ್ದು ನೋಡು, ಹೆಂಗೆ ಹೊಳೀತದೆ. ಇದನ್ನು ಯಾರೂ ಒಯ್ಯಲಿಲ್ಲ, ಹುಳ ತಿಂದಿದೆ. ಜಾಕಲಮ್ಮ ಸಣ್ಣವಳಿದ್ದಾಗಿಂದ ನನ್ನ ಈ ಗೋಳು ಕೇಳಿಕೊಂಡೇ ಬೆಳೆದಳು."

ಸೋವಣ್ಣ ಎದ್ದು ನಿಂತ. ಎರಡು ಒಗಟು ಬಿಡಿಸಿದಂತಾಗಿತ್ತು. ಮೂರನೆಯದರ ಉತ್ತರವೂ ಗೊತ್ತಾಯಿತು, ಆದರೆ ಅದನ್ನು ನೆನೆದು ಕುತ್ತಿಗೆ ಮುಟ್ಟಿ ನೋಡಿಕೊಂಡ.

ಅರಮನೆಯಲ್ಲಿ ಅವನ ಕಿತ್ತ ಚಪ್ಪಲಿ ನೋಡಿ ಜನ ನಕ್ಕರು.

"ಮೊದಲನೆಯದು ಓಲೆಭಂಡಾರ. ದೇವರು ದೇಕಬ್ಬಜ್ಜಿ, ಓಡಿದ ಭಕ್ತ ನಾನು" ಅಂದ. "ಎರಡನೆಯದು ನಾನೇ ಇರಬೇಕು ಅಂದುಕೊಂಡಿದ್ದೆ. ಅಲ್ಲ, ಓಲೆಗರಿ. ಕೈಯಿಂದ ಕೈಗೆ ತಿರುಗಿದ್ದು ಹೊಳೆಯುತ್ತದೆ, ಗೂಡಲ್ಲಿ ಕೂತದ್ದನ್ನು ಹುಳ ತಿನ್ನುತ್ತದೆ."

ಜಾಕಲದೇವಿಯ ಮುಖ ಅರಳಿತು. "ಬಾಗಿಲು ಮುಚ್ಚಿದವರು?"

ಸೋವಣ್ಣನ ಕಾಲು ಓಡು ಅಂದಿತು. ಮೊದಲ ಬಾರಿಗೆ ಅವನು ಅದರ ಮಾತು ಕೇಳಲಿಲ್ಲ. ದೊರೆಯ ಕಡೆ ತಿರುಗಿದ. "ನೀವೇ, ಬುದ್ಧೀ. ನವರಾತ್ರಿಗೆ ಬಂದವರಿಗೆ ತೋರಿಸಿದಿರಿ. ಮಾಘಕ್ಕೆ ಬಂದವರಿಗೆ ಹೇಳಲಿಲ್ಲ. ತೆರೆದ ಬಾಗಿಲು ಇದೆ ಅಂತ ಹೇಳದೆ ಇರುವುದೂ ಅದನ್ನು ಮುಚ್ಚಿದ ಹಾಗೇ."

ದೊರೆಯ ಕೈ ಕತ್ತಿಯ ಹಿಡಿಗೆ ಹೋಯಿತು.

"ಅಪ್ಪಾಜಿ, ಉತ್ತರ ಸರಿ" ಅಂದಳು ಜಾಕಲದೇವಿ. "ನಾನು ಹೇಳಿದ್ದರೆ ಮಗಳ ಮಾತು ಅಂತ ನಕ್ಕುಬಿಡುತ್ತಿದ್ದಿರಿ. ತಲೆಯ ಶರತ್ತು ನಿಮ್ಮದು. ಈಗ ಅದು ನಿಮ್ಮನ್ನೂ ಕಟ್ಟುತ್ತದೆ, ಬಿಡಿಸಿದವನ ತಲೆ ಮುಟ್ಟುವಂತಿಲ್ಲ."

ದೊರೆ ಮಗಳನ್ನು ನೋಡಿದ, ಸೋವಣ್ಣನನ್ನು ನೋಡಿದ. ಆಮೇಲೆ ಕೈ ತೆಗೆದ. "ಏನು ಬೇಕು, ಕೇಳಪ್ಪ. ಊರಬಾಗಿಲು ತೆಗೆಸಲೇ?"

"ತೆಗೆಸಿ. ಸೆರೆಯಲ್ಲಿರುವ ಇಬ್ಬರನ್ನೂ ಬಿಡಿ. ಇನ್ನು ನಡುಪಾಠದವರು ಯಾವ ತಿಂಗಳು ಬಂದರೂ ಭಂಡಾರಕ್ಕೆ ಕರೆದೊಯ್ಯಲು ಒಬ್ಬರನ್ನು ನೇಮಿಸಿ."

"ದಿನವಿಡೀ ಊರಬಾಗಿಲಿಗೂ ಭಂಡಾರಕ್ಕೂ ಓಡಾಡಬೇಕು. ಅಂಥ ಕಾಲು ಯಾರಿಗಿದೆ?"

ಎಲ್ಲರೂ ಸೋವಣ್ಣನ ಕಾಲು ನೋಡಿದರು. ಅವನೂ ನೋಡಿಕೊಂಡ.

ದೊರೆ ಕೊರಳಿನ ಸರ ತೆಗೆದು ಅವನಿಗೆ ಹಾಕಲು ಎದ್ದ. ಅಷ್ಟರಲ್ಲಿ ಮಠದ ಕಡೆಯಿಂದ ಢಣ್ ಅಂತ ಕೇಳಿಸಿತು. ಸರ ದೊರೆಯ ಕೈಯಲ್ಲೇ ಉಳಿಯಿತು. ಸೋವಣ್ಣ ಚಪ್ಪಲಿ ಅಲ್ಲೇ ಬಿಟ್ಟು, ಜನರನ್ನು ಸರಿಸಿಕೊಂಡು, ಬರಿಗಾಲಲ್ಲಿ ಓಡಿದ.

ಭಂಡಾರದ ಮುಂದೆ ಹೆಗಲಿಗೆ ಗಂಟು ಹಾಕಿದ ಇನ್ನೊಬ್ಬ ನಡುಪಾಠದವನು ಕೈಮುಗಿದು ತಿರುಗುತ್ತಿದ್ದ.

"ಕೈ ಇಳಿಸಪ್ಪಾ" ಅಂದ ಸೋವಣ್ಣ, ಏದುಸಿರು ಬಿಡುತ್ತ. "ನಿಂತುಕೋ. ಅಜ್ಜಿಗೆ ಮಂಡಿನೋವು, ಬರೋದು ಸ್ವಲ್ಪ ತಡ."