ಗೂಬೆ ಒರೆಸಿದ ಸಾಲುಗಳು

ಭತ್ತದ ಕಣಜಕ್ಕೆ ಕಾವಲುಗಾರ ಬೇಕೆಂಬ ಸುದ್ದಿ ಕೇಳಿ, ಗೂಬೆ ಮುತ್ತುಗದ ಎಲೆಯ ಮೇಲೆ ಇದ್ದಿಲಿನಿಂದ ಅರ್ಜಿ ಬರೆಯಲು ಕೂತಿತು. ಮೊದಲೇ ಅಪಶಕುನವೆಂದು ಹೆಸರು ಕೆಟ್ಟಿತ್ತು. ಇನ್ನೊಂದು ತಪ್ಪಾದರೆ ಮುಗಿದೇ ಹೋಯಿತು.

'ರಾತ್ರಿಯೆಲ್ಲ ಎಚ್ಚರವಿರುತ್ತೇನೆ' ಎಂದು ಬರೆಯಿತು. ರಾತ್ರಿ ತಿರುಗುವವನನ್ನು ಕಳ್ಳ ಅಂದುಬಿಟ್ಟರೆ? ಒರೆಸಿತು. 'ಇಲಿ ಹಿಡಿಯುತ್ತೇನೆ' ಎಂದು ಬರೆಯಿತು. ಹೊಟ್ಟೆಬಾಕ ಅಂದುಕೊಂಡರೆ? ಅದನ್ನೂ ಒರೆಸಿತು. ಕೊನೆಗೆ, 'ಗರಿ ಮೃದು, ಮಾತು ಕಡಿಮೆ, ವಾಸ ಗುಡಿಯ ಗೋಪುರದಲ್ಲಿ' ಎಂಬುದಷ್ಟೇ ಉಳಿಯಿತು.

ಮುದಿ ಕಣಜ ಅದನ್ನು ಓದಿ ಕೇಳಿತು: "ಎಲ್ಲ ಚೆನ್ನಾಗಿದೆಯಪ್ಪ. ರಾತ್ರಿ ಹೊತ್ತು ಏನು ಮಾಡುತ್ತೀಯ?"

ಗೂಬೆ ರೆಕ್ಕೆ ಮಡಚಿ ನೆಟ್ಟಗೆ ಕೂತಿತು. ಗುಟ್ಟು ರಟ್ಟಾಯಿತೇ? "ಮರ್ಯಾದಸ್ಥರ ಹಾಗೆ ಕತ್ತಲಾಗುತ್ತಲೇ ಮಲಗಿಬಿಡುತ್ತೇನೆ, ಅಜ್ಜ."

"ಇಲಿ ಬಂದರೆ?"

"ಅಯ್ಯೋ, ಇಲಿಗಳ ಗೊಡವೆಗೇ ಹೋಗುವವನಲ್ಲ ನಾನು!"

ಕಣಜ ನಿಟ್ಟುಸಿರು ಬಿಟ್ಟಿತು. "ನಾನು ಹುಡುಕುತ್ತಿದ್ದದ್ದು ರಾತ್ರಿ ನಿದ್ದೆಗೆಟ್ಟು ಇಲಿ ಹಿಡಿಯುವವರನ್ನು. ಹೋಗಿ ಬಾ, ಮಗು."

"ಅಜ್ಜ, ತಾಳಿ! ನಿಜ ಹೇಳಬೇಕೆಂದರೆ, ನಾನು ರಾತ್ರಿ ಮಲಗುವುದೇ ಇಲ್ಲ. ಇಲಿಯೇ ನನ್ನ ಊಟ!"

"ಕೆಲಸ ಸಿಗುವುದಿಲ್ಲ ಅಂದ ಕೂಡಲೇ ಎಲ್ಲರೂ ಹೀಗೇ ಹೇಳುತ್ತಾರೆ," ಎಂದು ಕಣಜ ಬಾಗಿಲು ಮುಚ್ಚಿಕೊಂಡಿತು.

ಗೂಬೆ ಹಸಿದ ಹೊಟ್ಟೆಯಲ್ಲಿ ಗೋಪುರಕ್ಕೆ ಮರಳಿತು. ಕಣಜದೊಳಗೆ ಇಲಿಗಳು ಭತ್ತ ಕಡಿಯುವ ಸದ್ದು ಅಲ್ಲಿಗೂ ಅದಕ್ಕೆ ಕೇಳುತ್ತಲೇ ಇತ್ತು.