ಅಣಬೆ ತನ್ನ ತಟ್ಟೆ ಬೋರಲು ಹಾಕಿದ್ದು

ಕತ್ತರಿ ಕೆಳಗಿಡಿ. ಕಾಗದದ ಅಣಬೆಗಳ ಅಂಟು ಒಣಗುವವರೆಗೆ ಯಾರೂ ಮುಟ್ಟಕೂಡದು. ಹಸೀನಾ, ನಿನಗೇ ಹೇಳುತ್ತಿರೋದು! ನೀವು ಸುಮ್ಮನೆ ಕೂರುವವರಲ್ಲ ಅಂತ ನಿಮ್ಮ ಟೀಚರಿಗೆ ಗೊತ್ತು. ಕಥೆ ಹೇಳುತ್ತೇನೆ, ಕೇಳಿ.

ಭೂಮಿ ಆಗ ಹೊಸದು. ಹೊಳೆಗಳು ಇನ್ನೂ ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಆಗ ಅಣಬೆಗೆ ಕೊಡೆ ಇರಲಿಲ್ಲ. ಕಾಲಿನ ಮೇಲೆ ಒಂದು ತಟ್ಟೆ ಇತ್ತು, ಅಂಗಾತ. ತಟ್ಟೆಯ ತುಂಬ ಹಿಟ್ಟಿನಂಥ ನುಣ್ಣನೆ ಪುಡಿ. ಆ ಪುಡಿಯಿಂದಲೇ ಮರಿ ಅಣಬೆಗಳು ಹುಟ್ಟಬೇಕು. ಗಾಳಿ ಅದನ್ನು ಒಯ್ದು ಎಲ್ಲಿ ಉದುರಿಸುತ್ತದೋ ಅಲ್ಲೊಂದು ಮರಿ.

ಆದರೆ ಗಾಳಿಗಿಂತ ಮೊದಲು ಮಳೆ ಬರುತ್ತಿತ್ತು. ದಬದಬ ಸುರಿದು, ತಟ್ಟೆ ತೊಳೆದು, ಪುಡಿಯನ್ನೆಲ್ಲ ಹೊಳೆಗೆ ಸೇರಿಸಿಬಿಡುತ್ತಿತ್ತು. ಹೀಗೇ ಆಗಿ ಆಗಿ, ಒಂದು ವರ್ಷ ನೋಡಿದರೆ ಇಡೀ ಕಾಡಿಗೆ ಒಂದೇ ಒಂದು ಅಣಬೆ ಉಳಿದಿತ್ತು.

"ಮಳೆಯಣ್ಣ, ಒಂದು ದಿನ ತಡೆದು ಬಾರೋ" ಎಂದಿತು ಅಣಬೆ.

"ನಾನು ಬಂದರೆ ತಾನೇ ನೀನು ಏಳೋದು?" ಎಂದಿತು ಮಳೆ.

"ಗಾಳಿಯಕ್ಕ, ನೀನಾದರೂ ಬೇಗ ಬಾರೇ."

"ಊರೆಲ್ಲ ಸುತ್ತಿ ಬರಬೇಕಮ್ಮ, ಎಲ್ಲಿಂದ ಬೇಗ ಬರಲಿ?" ಎಂದಿತು ಗಾಳಿ.

ಪಕ್ಕದ ಹುತ್ತದಲ್ಲಿ ಒಬ್ಬಳು ಗೆದ್ದಲಜ್ಜಿ ಇದ್ದಳು. ಬಾಯಿ ಸ್ವಲ್ಪ ಜೋರು. "ತಟ್ಟೆ ಬೋರಲು ಹಾಕೇ" ಎಂದಳು.

"ಅಯ್ಯೋ, ಬಿಡ್ತು ಅನ್ನಜ್ಜಿ! ತಟ್ಟೆ ಬೋರಲು ಹಾಕಿದರೆ ಈ ಮನೆಯಲ್ಲಿ ಏನೂ ಇಲ್ಲ ಅಂತ ಆಡಿಕೊಳ್ಳಲ್ವಾ?"

ಹೌದಲ್ಲ, ನಿಮ್ಮ ಮನೆಯಲ್ಲೂ ಊಟದ ತಟ್ಟೆ ಬೋರಲು ಹಾಕಿದರೆ ಬೈಯುತ್ತಾರಲ್ಲ? ಅಣಬೆಗೂ ಅದೇ ಚಿಂತೆ.

ಅಜ್ಜಿಗೆ ಸಿಟ್ಟು ಬಂತು. "ನಾಳೆಯೋ ನಾಳಿದ್ದೋ ನೀನೇ ಕರಗಿ ಹೋಗ್ತೀಯ. ನಿನ್ನ ಬಿಟ್ಟರೆ ಇನ್ನೊಂದು ಅಣಬೆ ಇಲ್ಲ. ಮರ್ಯಾದೆ ಬೇಕೋ, ಮಕ್ಕಳು ಬೇಕೋ?"

ಅಣಬೆ ಅತ್ತುಬಿಟ್ಟಿತು. "ಮಕ್ಕಳೇ ಬೇಕಜ್ಜಿ. ಆದರೆ ತಿರುಗಿಸಿದರೆ ಪುಡಿ ಚೆಲ್ಲಿ ಹೋಗುತ್ತಲ್ಲ!"

"ನೆರಿಗೆ ಹಿಡಿ. ನೆರಿಗೆಯೊಳಗೆ ಬಚ್ಚಿಟ್ಟುಕೋ."

ಅಷ್ಟರಲ್ಲಿ ಗುಡುಗು ಶುರುವಾಯಿತು. ಸೀರೆಗೆ ನೆರಿಗೆ ಹಿಡಿಯುವ ಹಾಗೆ ಅಣಬೆ ತಟ್ಟೆಯ ಒಳಮೈಯನ್ನೆಲ್ಲ ಮಡಿಸಿತು, ಪುಡಿಯನ್ನು ಸಂದುಗಳಿಗೆ ಸೇರಿಸಿತು, ಕಣ್ಣು ಮುಚ್ಚಿ ತಿರುಗಿಸಿತು. ಅರ್ಧ ಪುಡಿ ಚೆಲ್ಲಿಯೇ ಹೋಯಿತು. ಉಳಿದರ್ಧ ನಿಂತಿತು.

ಮಳೆ ಬೆನ್ನ ಮೇಲೆ ಬಡಿದು ಜಾರಿ ಹೋಯಿತು. ಕೊಂಬೆಯ ಮೇಲಿದ್ದ ಮೈನಾ, "ನೋಡ್ರೋ, ಅಣಬೆ ಮನೆ ಖಾಲಿ!" ಎಂದು ನಕ್ಕಿತು. ಅಣಬೆಗೆ ತುಂಬಾ ನಾಚಿಕೆಯಾಯಿತು. ಆದರೂ ತಟ್ಟೆಯನ್ನು ಮತ್ತೆ ಅಂಗಾತ ಮಾಡಲಿಲ್ಲ.

ಮಳೆ ನಿಂತ ಮೇಲೆ ಗಾಳಿ ಬಂತು. ಬಗ್ಗಿ ತಟ್ಟೆಯ ಕೆಳಗೆ ನುಗ್ಗಿ, "ಅರೆ, ಇಲ್ಲಿ ಇಷ್ಟೊಂದಿದೆಯಲ್ಲೇ!" ಎಂದು ಪುಡಿಯನ್ನು ಬಾಚಿಕೊಂಡು ಹೋಯಿತು.

ಮಾರನೇ ದಿನ ಅಣಬೆ ಕರಗಿತು. ಮಕ್ಕಳನ್ನು ನೋಡಲು ಅದಕ್ಕೆ ಆಗಲಿಲ್ಲ ಪಾಪ. ಆದರೆ ಮುಂದಿನ ಮಳೆಗೆ ಗಾಳಿ ಓಡಾಡಿದಲ್ಲೆಲ್ಲ ಮರಿಗಳೆದ್ದವು. ಎಲ್ಲವೂ ಹುಟ್ಟುತ್ತಲೇ ತಟ್ಟೆ ಬೋರಲು ಹಾಕಿಕೊಂಡಿದ್ದವು.

ಸರಿ, ಏಳಿ. ಬೇಲಿಯ ಬುಡದಲ್ಲಿ ಅಣಬೆ ಎದ್ದಿವೆ. ಕೀಳಬೇಡಿ, ಬಾಯಿಗಂತೂ ಇಡಲೇಬೇಡಿ, ಫೋಟೋ ಮಾತ್ರ. ನಿಂತುಕೊಂಡು ತೆಗೆದರೆ ಬರೀ ಬೆನ್ನು ಬರುತ್ತದೆ. ಮೊಬೈಲನ್ನು ನೆಲಕ್ಕೆ ತಾಗಿಸಿ ಕೆಳಗಿನಿಂದ ತೆಗೆಯಿರಿ. ಸಾಲು ಸಾಲು ನೆರಿಗೆ ಕಾಣುತ್ತದಲ್ಲ, ಅವತ್ತಿನಿಂದ ಇವತ್ತಿನವರೆಗೂ ಅಣಬೆ ತನ್ನ ಮಕ್ಕಳನ್ನೆಲ್ಲ ಇಟ್ಟುಕೊಂಡಿರುವುದು ಅಲ್ಲೇ.